ಪೈಲಟ್ ಕಣ್ಣಿಗೆ ಪೊಲೀಸರಿದ್ದಾರೆ, ವಿದ್ಯಾರ್ಥಿ ಕಣ್ಣಿಗೆ ಯಾರಿದ್ದಾರೆ?

2025ರ ಮೇ–ಜೂನ್‌ನಲ್ಲಿ ಚೆನ್ನೈಯಲ್ಲಿ ಇಳಿಯುತ್ತಿದ್ದ ವಿಮಾನಗಳತ್ತ ಯಾರೋ ಲೇಸರ್ ಬಿಟ್ಟರು. ಪೈಲಟ್‌ಗಳು ದೂರಿದರು, ಪತ್ರಿಕೆಗಳು ಬರೆದವು, ಪೊಲೀಸರು ಹುಡುಕಾಟಕ್ಕಿಳಿದರು. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಲೇಸರ್ ಬಳಸಕೂಡದೆಂಬ ಕಟ್ಟಪ್ಪಣೆಯೂ ಬಂತು. ಆಗಬೇಕಾದದ್ದೇ. ಆದರೆ ಅದೇ ಚೆನ್ನೈಯ ಗಿಂಡಿಯ ಸುತ್ತಮುತ್ತ ಐಐಟಿ ಮದ್ರಾಸ್ ಇದೆ, ಅಣ್ಣಾ ವಿಶ್ವವಿದ್ಯಾಲಯ ಇದೆ. ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಇಂಥ ಕ್ಯಾಂಪಸ್‌ಗಳ ಪ್ರಯೋಗಾಲಯದಲ್ಲಿರುವ ಲೇಸರ್‌ಗಳ ಮುಂದೆ ಬೀದಿಯ ಪಾಯಿಂಟರ್ ಯಾವ ಲೆಕ್ಕ? ಅವನ್ನು ಹೀಗೆಯೇ ಬಳಸಬೇಕು, ತಪ್ಪಿದರೆ ಇಂಥವರೇ ಹೊಣೆ ಎಂದು ಹೇಳುವ ಪ್ರತ್ಯೇಕ ಕಾನೂನು ಮಾತ್ರ ದೇಶದಲ್ಲಿಲ್ಲ.

ವಿಚಿತ್ರ ನೋಡಿ. ಭೌತವಿಜ್ಞಾನ ವಿಭಾಗದ ಒಂದು ಕೋಣೆಯಲ್ಲಿ ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರ ಇಡಬೇಕಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಪಕ್ಕದ ಕೋಣೆಗೆ ಕಣ್ಣು ಕಳೆಯಬಲ್ಲ ಲೇಸರ್ ತರುವುದಕ್ಕೆ ಅಂಥ ನೋಂದಣಿಯ ಕಟ್ಟುಪಾಡಿಲ್ಲ. ಲೇಸರ್ ಬೆಳಕು ಪರಮಾಣುವನ್ನು ಅಯಾನೀಕರಿಸುವ ವಿಕಿರಣದ ಪಟ್ಟಿಗೆ ಸೇರುವುದಿಲ್ಲ, ಹಾಗಾಗಿ ಮಂಡಳಿಯ ಕಾನೂನು ಅದನ್ನು ಮುಟ್ಟುವುದಿಲ್ಲ. ಕಾರ್ಖಾನೆಗಳ ಕಾನೂನಿನ ಲೆಕ್ಕದಲ್ಲಿ ಪ್ರಯೋಗಾಲಯ ಸಾಮಾನ್ಯವಾಗಿ ಕಾರ್ಖಾನೆಯೇ ಅಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 14624 ಎಂಬ ಮಾನದಂಡವೇನೋ ಇದೆ. ಪಾಲಿಸದಿದ್ದರೆ ಬಂದು ಕೇಳುವವರಿಲ್ಲ.

ಅಪಾಯ ಎಂಥದ್ದು? ಒಂದು ಮಿಲಿವಾಟ್‌ ಒಳಗಿನ, ಕಣ್ಣಿಗೆ ಕಾಣುವ ಲೇಸರ್ ತಗುಲಿದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿ ಕಣ್ಣು ಉಳಿಯುತ್ತದೆ. 500 ಮಿಲಿವಾಟ್ ದಾಟಿದ್ದು ಅಪಾಯದ ಲೆಕ್ಕದಲ್ಲಿ ನಾಲ್ಕನೇ ವರ್ಗ. ಗೋಡೆಗೆ ಬಡಿದು ಚದುರಿ ಬಂದ ಬೆಳಕೂ ಕಣ್ಣಿಗೆ ಅಪಾಯ. ಇನ್ನು 1064 ನ್ಯಾನೊಮೀಟರಿನ ಕಿರಣ ಕಾಣುವುದೇ ಇಲ್ಲ, ರೆಪ್ಪೆ ಮುಚ್ಚಲು ಅದಕ್ಕೆ ಕಾರಣವೂ ಸಿಗುವುದಿಲ್ಲ. ಕಣ್ಣಿನ ಮಸೂರ ಆ ಕಿರಣವನ್ನು ಅಕ್ಷಿಪಟಲದ ಒಂದು ಚುಕ್ಕೆಗೆ ಇಳಿಸಿ ಲಕ್ಷ ಪಟ್ಟಿನವರೆಗೆ ತೀವ್ರಗೊಳಿಸಬಲ್ಲದು. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಓದುವಾಗ ಸಾಲಿನ ನಡುವೆ ಅಕ್ಷರ ಮಾಯವಾದಾಗಲೇ ಗೊತ್ತಾಗುವುದು.

ಅವಘಡಗಳಲ್ಲಿ ಬಹುಪಾಲು ನಡೆಯುವುದು ಪ್ರಯೋಗದ ಹೊತ್ತಿಗಲ್ಲ, ಕಿರಣದ ದಾರಿ ಹೊಂದಿಸುವ ಅಲೈನ್‌ಮೆಂಟ್ ಮಾಡುವಾಗ. ರಕ್ಷಣಾ ಕನ್ನಡಕ ಹಾಕಿದರೆ ಕಿರಣ ಕಾಣದು, ಕಾಣದಿದ್ದರೆ ಕನ್ನಡಿ ಸರಿಹೊಂದಿಸಲಾಗದು. ಹಾಗಾಗಿ ಹುಡುಗ ಕನ್ನಡಕವನ್ನು ಹಣೆಗೆ ಏರಿಸುತ್ತಾನೆ. ಬಿದ್ದ ಸ್ಕ್ರೂ ಎತ್ತಲು ಬಗ್ಗಿದಾಗ ಮುಖ ಮೇಜಿನ ಮಟ್ಟಕ್ಕೆ, ಅಂದರೆ ಕಿರಣದ ಮಟ್ಟಕ್ಕೆ ಬರುತ್ತದೆ. ಬೆರಳಿನ ಉಂಗುರ, ಕೈಗಡಿಯಾರದ ಗಾಜು ಸಾಕು, ಕಿರಣ ದಿಕ್ಕು ತಪ್ಪುತ್ತದೆ. 532 ನ್ಯಾನೊಮೀಟರಿನ ಹಸಿರಿಗೆಂದು ಕೊಂಡ ಕನ್ನಡಕ 1064ನ್ನು ತಡೆಯಲೇಬೇಕೆಂದಿಲ್ಲ. ಇದನ್ನು ಹೇಳಿಕೊಡಬೇಕಾದವರು ಯಾರು? ಸದ್ಯಕ್ಕೆ ಉತ್ತರ: ಗೈಡ್ ಒಳ್ಳೆಯವರಾಗಿದ್ದರೆ ಗೈಡ್, ಇಲ್ಲದಿದ್ದರೆ ಸೀನಿಯರ್, ಅವರೂ ಇಲ್ಲದಿದ್ದರೆ ಅದೃಷ್ಟ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 2018ರ ಡಿಸೆಂಬರ್ 5ರಂದು ಶಾಕ್‌ವೇವ್ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಒಬ್ಬ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು. ಅದು ಲೇಸರ್ ಅಲ್ಲ, ಅನಿಲ. ಆದರೆ ಪ್ರಶ್ನೆ ಒಂದೇ: ದೇಶದ ಅತ್ಯುತ್ತಮ ಸಂಸ್ಥೆಯಲ್ಲೇ ಹೀಗಾದರೆ ಉಳಿದೆಡೆ ಗತಿಯೇನು? 2008ರ ಕೊನೆಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕಕ್ಕೆ ಬೆಂಕಿ ಹೊತ್ತಿ ಸುಟ್ಟುಕೊಂಡ ಯುವ ಸಹಾಯಕಿಯೊಬ್ಬಳು ಬಳಿಕ ಸತ್ತಾಗ ವಿಶ್ವವಿದ್ಯಾಲಯವೂ ಪ್ರೊಫೆಸರರೂ ಕ್ರಿಮಿನಲ್ ಆರೋಪ ಎದುರಿಸಬೇಕಾಯಿತು. ಅಲ್ಲಿನ ಪ್ರಯೋಗಾಲಯಗಳು ಸುರಕ್ಷತೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಭಾಷಣಗಳಿಂದಲ್ಲ. ನಾವು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವವರು. ಲೇಸರ್ ವಿಷಯದಲ್ಲಿ ಬಾಗಿಲನ್ನೇ ಇನ್ನೂ ಮಾಡಿಸಿಲ್ಲ.

‘ಇನ್ನೊಂದು ಲೈಸೆನ್ಸ್ ರಾಜ್ಯ ಬೇಡ, ಸಂಶೋಧನೆ ಕಡತದಲ್ಲಿ ಸಾಯುತ್ತದೆ’ ಎನ್ನುವ ಪ್ರೊಫೆಸರುಗಳಿದ್ದಾರೆ. ಅವರ ಭಯ ಸುಳ್ಳಲ್ಲ. ಒಂದು ಉಪಕರಣ ತರಿಸಲು ತಿಂಗಳುಗಟ್ಟಲೆ ಟೆಂಡರ್ ಕಾದವರು ಅವರು. ಆದರೆ ಎಕ್ಸ್-ರೇ ಯಂತ್ರದ ನೋಂದಣಿ ಇವತ್ತು ಆನ್‌ಲೈನ್‌ನಲ್ಲೇ ಆಗುತ್ತಿದೆ, ಅದರಿಂದ ಸಂಶೋಧನೆಯೇನೂ ನಿಂತುಹೋಗಿಲ್ಲ. ವಿದ್ಯಾರ್ಥಿಯ ಕಣ್ಣು ಪಣಕ್ಕಿಟ್ಟು ಉಳಿಸುವ ಸಮಯ ಯಾರ ಸಮಯ?

ಹೊಸ ಇಲಾಖೆಯೇನೂ ಬೇಕಾಗಿಲ್ಲ. ಲೇಸರ್ ಕೊಳ್ಳಲು ಹಣ ಕೊಡುವುದು ಬಹುಪಾಲು ಸರ್ಕಾರವೇ: ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಇವು ಮೂರು ಷರತ್ತು ಹಾಕಲಿ. ಮೂರು ಮತ್ತು ನಾಲ್ಕನೇ ವರ್ಗದ ಪ್ರತಿ ಲೇಸರಿಗೂ ಕ್ಯಾಂಪಸ್‌ನಲ್ಲಿ ದಾಖಲೆ. ಪ್ರಯೋಗಾಲಯಕ್ಕೆ ಬೀಗ ಹಾಕಿಸುವ ಅಧಿಕಾರವಿರುವ, ಆ ವಿಭಾಗದ ಮುಖ್ಯಸ್ಥರಿಗೆ ಕೈಕಟ್ಟಿ ನಿಲ್ಲಬೇಕಿಲ್ಲದ ಲೇಸರ್ ಸುರಕ್ಷತಾ ಅಧಿಕಾರಿ. ಅವಘಡ ವರದಿ ಮಾಡಿದ ವಿದ್ಯಾರ್ಥಿಯ ಪಿಎಚ್‌ಡಿಗೆ ಕುತ್ತು ಬಾರದಂತೆ ಲಿಖಿತ ರಕ್ಷಣೆ. ಇವಿಲ್ಲದ ಸಂಸ್ಥೆಗೆ ಮುಂದಿನ ಕಂತು ಇಲ್ಲ ಎಂದು ಒಂದು ಸಲ ಹೇಳಿ ನೋಡಲಿ. ಚೆನ್ನೈಯಿಂದ ಬೆಂಗಳೂರಿನವರೆಗೆ ಕನ್ನಡಕಗಳೆಲ್ಲ ಹಣೆಯಿಂದ ಕಣ್ಣಿಗೆ ಇಳಿಯುತ್ತವೆ.