ಕಚೇರಿಯಲ್ಲಿ ಹೇಳಿದ ಮಾತು, ಮನೆಯಲ್ಲಿ ಹೇಳಲಾಗದ ಮಾತು



ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ನಮ್ಮ ಸಂಘಗಳಲ್ಲಿ ಪ್ರತಿಜ್ಞೆ ಮಾಡಿದ್ದೇವೆ. ಆದರೆ ಈ ಮದುವೆಯೇ ಬೇಡ ಎನ್ನುವ ಮಗಳ ಮಾತನ್ನು ಕೇಳುವ ಅಭ್ಯಾಸ ನಮಗಿನ್ನೂ ಬಂದಿಲ್ಲ. ಆಕೆಯ ಮನಸ್ಸು ಇನ್ನೊಬ್ಬ ಹೆಣ್ಣಿನ ಕಡೆಗಿದ್ದರಂತೂ ಮನೆಯೇ ಸೆರೆಮನೆ. ಮೊಬೈಲ್ ಕಿತ್ತುಕೊಳ್ಳುವುದು, ಹೊಡೆಯುವುದು, ಹರಕೆ ಹೊರುವುದು, ಕೊನೆಗೆ ಹೆಚ್ಚು ವರದಕ್ಷಿಣೆ ಕೊಟ್ಟಾದರೂ ಯಾರಿಗೋ ಕಟ್ಟಿಬಿಡುವುದು. ಇದು ನಮ್ಮ ಹೋರಾಟದ ಹೊರಗಿನ ವಿಷಯವೇ? ಖಂಡಿತ ಅಲ್ಲ.

ನಮ್ಮ ಶೆಟ್ಟಿಹಳ್ಳಿ ಕಡೆಯ ಹುಡುಗಿಯೊಬ್ಬಳು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಗುಸುಗುಸು ಎದ್ದಾಗ ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿತು, ಮೂವತ್ತು ದಾಟಿದ ಮೇಲೆ ಸಾಫ್ಟ್‌ವೇರ್ ಕಂಪನಿ ಸೇರಿದಳು. ತನ್ನ ಸಂಗಾತಿ ಹೆಣ್ಣು ಎಂದು ಅಲ್ಲಿ ಎಲ್ಲರಿಗೂ ಹೇಳಿದ್ದಾಳೆ. ಊರಿಗೆ ಬಂದರೆ ಅದೇ ಸಂಗಾತಿ "ರೂಮ್‌ಮೇಟ್". "ಮೇಡಂ, ಆಫೀಸಿನಲ್ಲಿ ನನ್ನ ಕೆಲಸ ನೋಡ್ತಾರೆ, ಊರಲ್ಲಿ ನನ್ನ ಕೊರಳು ನೋಡ್ತಾರೆ" ಎಂದಳು.

ಹಾಗೆಂದು ಕಂಪನಿಗಳೆಲ್ಲ ಸ್ವರ್ಗವೆಂದು ತಿಳಿಯಬೇಡಿ. 1968ರಲ್ಲಿ ಅಮೆರಿಕದ ಐಬಿಎಂ ಕಂಪನಿ ಲಿನ್ ಕಾನ್ವೇ ಎಂಬ ಕಂಪ್ಯೂಟರ್ ತಜ್ಞೆಯನ್ನು ಕೆಲಸದಿಂದ ತೆಗೆಯಿತು. ಗಂಡಾಗಿ ಹುಟ್ಟಿದ ಆಕೆ ಹೆಣ್ಣಾಗಿ ಬಾಳಲು ನಿರ್ಧರಿಸಿದ್ದೇ ತಪ್ಪಾಯಿತು. ಹಿಂದಿನದನ್ನು ಮುಚ್ಚಿಟ್ಟು ಆಕೆ ಮೊದಲ ಮೆಟ್ಟಿಲಿನಿಂದ ಮತ್ತೆ ಆರಂಭಿಸಿದರು. ಕಂಪ್ಯೂಟರ್ ಚಿಪ್ ರೂಪಿಸುವ ಹೊಸ ವಿಧಾನವನ್ನು ಕಾರ್ವರ್ ಮೀಡ್ ಅವರೊಂದಿಗೆ ಜಗತ್ತಿಗೆ ಕಲಿಸಿದರು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷಗಳ ನಂತರ!

ನಮ್ಮಲ್ಲೂ ದಾರಿ ತೆರೆಯುತ್ತಿದೆ. ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2019ರಲ್ಲಿ ಪ್ರೈಡ್ ಸರ್ಕಲ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿಯೇ ಉದ್ಯೋಗ ಮೇಳ ನಡೆಸಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು 2019ರ ಕೇಂದ್ರ ಕಾಯಿದೆ ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಹುದ್ದೆಗಳಲ್ಲಿ ಅವರಿಗೆ ಶೇಕಡ 1 ಮೀಸಲಾತಿ ಕೊಟ್ಟಿತು. ಆದರೆ ಖಾಸಗಿ ಕಂಪನಿಯಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಅಂಥ ಪ್ರತ್ಯೇಕ ಕಾಯಿದೆಯ ರಕ್ಷಣೆಯಿಲ್ಲ. ಕಂಪನಿಯ ನಿಯಮ ಚೆನ್ನಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಗಿಲಿಗೆ ಕಾಮನಬಿಲ್ಲಿನ ಬಾವುಟ ಕಟ್ಟಿದರೆ ಸಾಲದು. ಗುತ್ತಿಗೆ ನೌಕರಳೂ ಹೆದರದೆ ಬಾಯಿಬಿಡುವಂತಿರಬೇಕು.

ಮನೆಯ ವಿಷಯದಲ್ಲಿ ಮಾತ್ರ ನಮ್ಮ ಕೈಯಲ್ಲೇ ಒಂದು ಆಯುಧವಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಗಂಡನ ಮನೆಗಷ್ಟೇ ಎಂದು ಹಲವರು ತಿಳಿದಿದ್ದಾರೆ. ತವರಿನಲ್ಲಿ ಹಿಂಸೆ ಅನುಭವಿಸುವ ಮಗಳಿಗೂ ಅದು ಅನ್ವಯಿಸುತ್ತದೆ. ಒಲ್ಲದ ಮದುವೆಗೆ ಬಲವಂತ ಮಾಡುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಇದ್ದ ಕೆಲಸ ಬಿಡಿಸುವುದು, ಇವೆಲ್ಲ ಆ ಕಾಯಿದೆಯ ನಿಯಮಗಳಲ್ಲಿರುವ ದೂರಿನ ನಮೂನೆಯಲ್ಲೇ ಹಿಂಸೆಯೆಂದು ಪಟ್ಟಿಯಾಗಿವೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, 181ಕ್ಕೆ ಫೋನ್ ಮಾಡಬಹುದು. ಇಬ್ಬರು ಹೆಣ್ಣುಮಕ್ಕಳು ಸಂಗಾತಿಗಳಾಗಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಪಾಸ್‌ಬುಕ್‌ನ ಬೆಲೆ ನಮ್ಮ ಸಂಘದವರಿಗೆ ಬೇರೆ ಹೇಳಬೇಕೆ?

ಸ್ವಂತ ದುಡಿಮೆ ಇದ್ದುದರಿಂದಲೇ ಆ ಹುಡುಗಿ ಒಲ್ಲದ ಮದುವೆಯನ್ನು ತಡೆಯಬಲ್ಲವಳಾದಳು. ದುಡಿಮೆಯಿಲ್ಲದ ಹುಡುಗಿಯರು ನಮ್ಮ ಬೀದಿಗಳಲ್ಲೇ ಇದ್ದಾರೆ. ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಈ ವಿಷಯ ಎತ್ತಿ. ಬಲವಂತದ ಮದುವೆಗೆ ಸಂಘದಿಂದ ಸಾಲವಿಲ್ಲ ಎಂದು ನಿರ್ಣಯ ಬರೆಯಿರಿ. ಅಂಥ ಮಗಳೊಬ್ಬಳು ನಿಮ್ಮ ಬಾಗಿಲು ತಟ್ಟಿದರೆ ಮೊದಲು ಒಳಗೆ ಕರೆಯಿರಿ. ಪ್ರಶ್ನೆಗಳು ಆಮೇಲೆ.