ಬಹಿಷ್ಕಾರದ ಬೆಲೆ ಯಾರು ಕೊಡುತ್ತಾರೆ?



ಭಾರತ–ಪಾಕಿಸ್ತಾನ ಕ್ರಿಕೆಟ್ ಪಂದ್ಯ ಹತ್ತಿರ ಬಂತೆಂದರೆ ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತವರ ನಡುವೆ ಒಂದೇ ವಾದ. "ಆಡಲೇಬಾರದು" ಎಂದು ಕೆಲವರು, "ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ?" ಎಂದು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ ಎಂದು ನಮಗನಿಸುತ್ತದೆ. ಹಳೆಯ ಎರಡು ಬಹಿಷ್ಕಾರಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಮೊದಲನೆಯದು ನಮ್ಮ ದೇಶದ್ದೇ. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ಭಾರತ ತಂಡ ಆಸ್ಟ್ರೇಲಿಯ ಮತ್ತು ಸೋವಿಯತ್ ಒಕ್ಕೂಟವನ್ನು ಸೋಲಿಸಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕ. ಅಲ್ಲಿ ಆಗ ವರ್ಣಭೇದ ನೀತಿ. ಕಪ್ಪು ಜನರಿಗೆ ಶಾಲೆ ಬೇರೆ, ಬಸ್ಸು ಬೇರೆ, ಆಟದ ಮೈದಾನವೂ ಬೇರೆ. ಆ ಅನ್ಯಾಯ ಮೈದಾನದೊಳಗೇ ಇತ್ತು. ಅದನ್ನು ಅನುಭವಿಸುತ್ತಿದ್ದವರೇ "ನಮ್ಮ ದೇಶದ ಜೊತೆ ಆಡಬೇಡಿ" ಎಂದು ಜಗತ್ತನ್ನು ಕೇಳಿಕೊಳ್ಳುತ್ತಿದ್ದರು. ಭಾರತ ಫೈನಲ್ ಆಡಲಿಲ್ಲ. ಕಪ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. 1987ರಲ್ಲಿ ನಾವು ಮತ್ತೆ ಫೈನಲ್ ತಲುಪಿ ಸ್ವೀಡನ್‌ಗೆ ಸೋತೆವು. ಆ ಕಪ್ ಇಂದಿಗೂ ನಮಗೆ ಸಿಕ್ಕಿಲ್ಲ. ಆದರೂ ಅಂದು ಬಿಟ್ಟುಕೊಟ್ಟದ್ದಕ್ಕೆ ನಾವು ತಲೆ ತಗ್ಗಿಸಬೇಕಾಗಿಲ್ಲ.

ಎರಡನೆಯದು 1980ರ ಮಾಸ್ಕೋ ಒಲಿಂಪಿಕ್ಸ್. ಹಿಂದಿನ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಮತ್ತು ಅನೇಕ ದೇಶಗಳು ದೂರ ಉಳಿದವು. ಅಮೆರಿಕದ ದೋಣಿ ಸ್ಪರ್ಧಿ ಆನಿಟಾ ಡಿಫ್ರಾಂಟ್ಸ್ ತಮ್ಮನ್ನು ಆಡಲು ಬಿಡಿ ಎಂದು ನ್ಯಾಯಾಲಯಕ್ಕೆ ಹೋಗಿ ಸೋತರು. ನಮ್ಮ ಹಾಕಿ ತಂಡ ಹೋಯಿತು, ಕೊಡಗಿನ ಎಂ. ಎಂ. ಸೋಮಯ್ಯ ಅದರಲ್ಲಿದ್ದರು, ಚಿನ್ನವೂ ಬಂತು. ಆದರೆ ಪಶ್ಚಿಮ ಜರ್ಮನಿ, ಪಾಕಿಸ್ತಾನದಂಥ ಬಲಿಷ್ಠ ತಂಡಗಳು ಅಲ್ಲಿರಲಿಲ್ಲ.

ಗಮನಿಸಬೇಕಾದ್ದು ಇಲ್ಲಿದೆ. ಅದೇ ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದರ ಮೇಲೂ ನಿರ್ಬಂಧ ಹಾಕಿತ್ತು. 1981ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿತು. ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟದ್ದು 1989ರಲ್ಲಿ! ವ್ಯಾಪಾರ ಒಂದೂಕಾಲು ವರ್ಷದಲ್ಲಿ ವಾಪಸ್ ಬಂತು. ನಾಲ್ಕು ವರ್ಷ ಬೆವರು ಸುರಿಸಿದ ಆಟಗಾರರಿಗೆ ಆ ಒಲಿಂಪಿಕ್ಸ್ ಮಾತ್ರ ವಾಪಸ್ ಬರಲಿಲ್ಲ.

ಆದ್ದರಿಂದ ಬಹಿಷ್ಕಾರದ ಮಾತು ಬಂದಾಗ ನಾವು ಎರಡು ಪ್ರಶ್ನೆ ಕೇಳಬೇಕು. ನೊಂದವರು ಏನು ಹೇಳುತ್ತಿದ್ದಾರೆ? ಬೆಲೆ ಕೊಡುವವರು ಯಾರು?

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರಲ್ಲಿ ಕೆಲವರು, ಸೆಪ್ಟೆಂಬರ್‌ನ ಏಷ್ಯಾ ಕಪ್ ಪಂದ್ಯ ಆಡಬೇಡಿ ಎಂದು ಬೇಡಿಕೊಂಡರು. ದುಬೈಯಲ್ಲಿ ಪಂದ್ಯ ನಡೆಯಿತು. ನಮ್ಮ ಆಟಗಾರರು ಎದುರು ತಂಡದವರ ಕೈ ಕುಲುಕಲಿಲ್ಲ, ಅಷ್ಟೇ. ಟಿಕೆಟ್, ಜಾಹೀರಾತಿನ ಹಣ ಬಿಡಲು ಯಾರೂ ಸಿದ್ಧರಿರಲಿಲ್ಲ. ಬಿಟ್ಟದ್ದು ಖರ್ಚಿಲ್ಲದ ಒಂದು ಕೈಕುಲುಕು.

ನಮ್ಮ ಅಭಿಪ್ರಾಯ ಇಷ್ಟು: ನೊಂದವರಿಗಾಗಿ ಆಟ ಬಿಡುವುದಾದರೆ 1974ರಂತೆ ಬಿಡೋಣ, ಕಪ್ ಹೋದರೂ ಹೋಗಲಿ. ಆಡುವುದಾದರೆ ಮನುಷ್ಯರಂತೆ ಆಡಿ, ಕೈ ಕುಲುಕಿ ಬರೋಣ. ಇದನ್ನು ಒಪ್ಪದವರು ಮುಂದಿನ ಭಾನುವಾರ ಅಂಗಳದಲ್ಲಿ ಸಿಗಿ, ಮಾತಾಡೋಣ.