ಮೊದಲು ತಾವೇ ನುಂಗಿದರು
ಗಾಜಿನ ಎಳೆಗಳ ಕಟ್ಟು ಬಾಗಿದರೂ ಚಿತ್ರವನ್ನು ಸಾಗಿಸಬಲ್ಲದು ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ನರಿಂದರ್ ಸಿಂಗ್ ಕಪಾನಿ. ಅದನ್ನೋದಿದ ಮಿಶಿಗನ್ ವಿಶ್ವವಿದ್ಯಾಲಯದ ಉದರತಜ್ಞ, ದಕ್ಷಿಣ ಆಫ್ರಿಕಾದ ಬೇಸಿಲ್ ಹಿರ್ಶೋವಿಟ್ಸ್, ಆ ಇಬ್ಬರನ್ನು ಕಾಣಲು ಲಂಡನ್ನಿಗೇ ಹೋದರು. ಜಠರದೊಳಗೆ ಇಣುಕಲು ಆಗ ಇದ್ದದ್ದು ಸರಿಯಾಗಿ ಬಾಗದ, ರೋಗಿಯನ್ನು ಹಣ್ಣು ಮಾಡುವ ಕೊಳವೆ. ಆದರೆ ಗಾಜಿನ ಎಳೆಗಳ ಕಟ್ಟಿನಲ್ಲೂ ಒಂದು ತೊಡಕಿತ್ತು: ಎಳೆಯಿಂದ ಎಳೆಗೆ ಬೆಳಕು ಸೋರುತ್ತಿತ್ತು. ಪ್ರತಿ ಎಳೆಗೂ ಬೇರೆ ಬಗೆಯ ಗಾಜಿನ ಹೊದಿಕೆ ಕೊಟ್ಟು ಅದನ್ನು ತಡೆದದ್ದು ಭೌತಶಾಸ್ತ್ರದ ವಿದ್ಯಾರ್ಥಿ ಲ್ಯಾರಿ ಕರ್ಟಿಸ್. ಆ ಹುಡುಗನ ಪಾಲು ಸಣ್ಣದಲ್ಲ. 1957ರ ಫೆಬ್ರವರಿಯಲ್ಲಿ ಹಿರ್ಶೋವಿಟ್ಸ್ ಈ ಎಳೆಗಳಿಂದ ಸಿದ್ಧವಾದ, ಬಾಗುವ ಎಂಡೋಸ್ಕೋಪ್ ಉಪಕರಣವನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ರೋಗಿಯ ಸರದಿ ಬಂದದ್ದು ಆಮೇಲೆ. ವೈದ್ಯರು ಎಂಡೋಸ್ಕೋಪಿ ಬರೆದುಕೊಟ್ಟಾಗ ಹೆದರಿ ಮುಂದೂಡುವವರು ಈ ಸಂಗತಿಯನ್ನು ನೆನೆದು ಧೈರ್ಯವಾಗಿ ಮಾಡಿಸಿಕೊಳ್ಳಲಿ.